ಜೋಗುಳದೊಳಗಿನ ಕಾವಲುಗಾರ

ಮನೆಯ ಕಂಪ್ಯೂಟರಿನೊಳಗೆ ಯಾರೋ ಬಂದು ಕೂತಿದ್ದಾರೆಂಬ ಚಿಂತೆ ಶರ್ವರಿಯನ್ನು ಬಿಡಲೊಲ್ಲದು. ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ಅದೇ, ಮಗಳು ಲಹರಿಯ ಲಂಗೋಟಿ ಬದಲಿಸುವಾಗಲೂ ಅದೇ. ಮೊದಲೇ ಅವಳು ಚಿಂತೆಯ ಕಣಜ. ಕೂಸು ಸೀನಿದರೆ ನ್ಯುಮೋನಿಯಾ ಇರಬಹುದೇ ಎಂದು ಡಾಕ್ಟರಿಗೆ ಫೋನು; ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಮತ್ತೊಂದು ಫೋನು.

“ಅದು ಮನಷ್ಯಾ ಅಲ್ಲ, ಸಾಫ್ಟ್‌ವೇರ್,” ಎಂದ ಗಂಡ ಅಮೋಲ್. “ಸೀಡಿ ಒಳಗ ಅಡಗಿ ಬಂದೈತಿ. ಹಾಡು ಯಾರೂ ಕಾಪಿ ಮಾಡಬಾರದಂತ ಕಂಪನಿಯವ್ರು ಇಟ್ಟ ಕಾವಲುಗಾರ. ಹೊರಗ ಹಾಕಾಕ ಹೋದ್ರ ಸೀಡಿ ಡ್ರೈವನ್ನೂ ಕರ್ಕೊಂಡು ಹೋತು.”

“ಕಾವಲುಗಾರ ಅಂದ್ರ ನೋಡ್ತಾನಲ್ಲ? ಕೂಸು ಮೀಯೋ ಫೋಟೋ ಎಲ್ಲಾ ಅದರಾಗ ಅವ!”

“ನೋಡಲಿ ಬಿಡು. ನಾವು ನೋಡ್ರಿ ಅಂದ್ರೂ ಯಾರೂ ನೋಡವಲ್ರು.”

ಇಷ್ಟಕ್ಕೆಲ್ಲ ಮೂಲ ಒಂದು ಜೋಗುಳದ ಸೀಡಿ. ಸಂಕ್ರಾಂತಿಗೆ ಲಹರಿಯ ತಲೆಯ ಮೇಲೆ ಬಾರಿಹಣ್ಣು ಎರೆದು ಹರಸಿದ ದಿನ, ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರಿಗೆಲ್ಲ ಅತ್ತೆ ಯಮುನಾಬಾಯಿ ಅದನ್ನೇ ಕೊಟ್ಟಿದ್ದರು. (ಪ್ರತಿವರ್ಷ ಸ್ಟೀಲ್ ಬಟ್ಟಲೇನು, ಹೊಸದೇನಾದರೂ ಕೊಡೋಣವೆಂಬ ದಿವ್ಯಜ್ಞಾನ ಉದಿಸಿದ್ದು ಶರ್ವರಿಗೇ.) ದಿಲ್‌ಸುಖ್‌ನಗರದ ಆ ಓಣಿಯ ಕನ್ನಡ ಮನೆಗಳಲ್ಲಿ ವಾರ ತುಂಬುವುದರೊಳಗೆ ಕಂಪ್ಯೂಟರುಗಳ ಸೀಡಿ ಡ್ರೈವಿಗೆಲ್ಲ ಕಿವುಡು ಬಡಿಯಿತು. ಇವರ ಮನೆಯಲ್ಲಂತೂ ಆ ಜೋಗುಳವಿಲ್ಲದೆ ಲಹರಿ ಕಣ್ಣು ಮುಚ್ಚಳು. ಈಗ ಕೂಸಿಗೆ ನಿದ್ದೆಯಿಲ್ಲ. ಕೂಸಿನ ಕೃಪೆಯಿಂದ ಯಾರಿಗೂ ಇಲ್ಲ. ಯಮುನಾಬಾಯಿ ತಾವೇ ತೊಟ್ಟಿಲು ತೂಗಿ ಹಾಡಿ ನೋಡಿದರು. ಮೇಲಿನ ಮನೆಯ ಕೂಸೂ ಎದ್ದು ಕೂತಿತು.

ಪೊಟ್ಟಣ ಬಿಚ್ಚಿದ ಸೀಡಿಯನ್ನು ಹಿಂದಕ್ಕೆ ಪಡೆಯುವುದಿರಲಿ, ಮುಟ್ಟಿಯೂ ನೋಡೆನೆಂದ ಅದನ್ನು ಮಾರಿದ ಅಂಗಡಿಯವ. ಅದಕ್ಕಿಂತ ದೊಡ್ಡ ತೊಡಕು ಮನೆಯಲ್ಲೇ ಇತ್ತು. ಕುಂಕುಮ ಹಚ್ಚಿ ಕೊಟ್ಟದ್ದನ್ನು ಕೊಟ್ಟವರು ಹಿಂದಕ್ಕೆ ಇಸಿದುಕೊಳ್ಳುವಂತಿಲ್ಲ, ಪಡೆದವರು ತಿರುಗಿ ಕೊಡುವಂತಿಲ್ಲ. ಕೊನೆಗೆ ಓಣಿಯ ಹೆಂಗಸರ ಭಜನಾ ಮಂಡಳಿಯ ತುರ್ತುಸಭೆ ಸೇರಿತು.

“ನಮ್ಮನ್ಯಾಗ ಆ ಸೀಡಿ ಮ್ಯಾಲೆ ಚಹಾದ ಲೋಟ ಇಡಾಕತ್ತೀವ್ರಿ,” ಎಂದಳು ಎದುರುಮನೆಯ ಶೋಭಾ. “ಹಾಡು ಕೇಳೋ ನಾವೆಲ್ಲಾ ಕಳ್ಳರಂತ ತಿಳ್ಕೊಂಡಾರೇನು ಆ ಕಂಪನಿಯವ್ರು?”

ಯಮುನಾಬಾಯಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ತಿರುಗಿ ಕೊಡೂದು ತಪ್ಪು, ಖರೇ. ಮತ್ತೊಬ್ಬಾಕಿಗೆ ಉಡಿ ತುಂಬಿದ್ರ ತಪ್ಪೇನೈತ್ರಿ?”

ಚಪ್ಪಾಳೆಗೆ ಎಲ್ಲರ ಬಳೆಗಳೂ ಒಟ್ಟಿಗೆ ಸದ್ದು ಮಾಡಿದವು.

ಮರುದಿನ ಬೆಳಿಗ್ಗೆ ಅಂಗಡಿಯ ಗಲ್ಲಾದಲ್ಲಿ ಅಂಗಡಿಯವನ ಹೆಂಡತಿ ಕೂತಿದ್ದಳು. “ಒಡಿಬಿಯ್ಯಮಾ? ಎಂತ ಮಂಚಿವಾಳ್ಳಮ್ಮಾ ಮೀರು!” ಎಂದು, ಉಡಿ ತುಂಬಲು ಬಂದವರ ಒಳ್ಳೆಯತನಕ್ಕೆ ತೆಲುಗಿನಲ್ಲಿ ಹಿಗ್ಗಿ ಸೆರಗೊಡ್ಡಿದಳು. ಕುಂಕುಮ ಬಂತು, ಅಕ್ಕಿ ಬಂತು, ತೆಂಗಿನಕಾಯಿ, ಖಣ, ಎಲೆ-ಅಡಿಕೆ, ಅದರ ಮೇಲೊಂದು ಸೀಡಿ. ಎರಡನೆಯವರು ಬಂದರು. ಮತ್ತೊಬ್ಬರು. ಸಾಲು ಬಾಗಿಲು ದಾಟಿ ಬಸ್‌ಸ್ಟಾಪಿನವರೆಗೆ ನಿಂತಿತ್ತು. ಉಡಿ ತುಂಬಲು ಬಂದವರಿಗೆ ಒಲ್ಲೆನ್ನಲು ಯಾವ ಮುತ್ತೈದೆಗೆ ಬಾಯಿ ಬಂದೀತು? ಪಾಪದ ಹೆಂಗಸು ತೆಂಗಿನಕಾಯಿಗಳ ಕೋಟೆಯೊಳಗೆ ಕುತ್ತಿಗೆಯವರೆಗೆ ಮುಳುಗಿದಳು. ಬಂದ ಗಿರಾಕಿಗಳು ಏನಿದು ಜಾತ್ರೆ ಎಂದು ಕೇಳಿದರೆ ಶೋಭಾ ಮೂರು ಭಾಷೆಗಳಲ್ಲಿ ವಿವರಿಸುತ್ತಿದ್ದಳು. ಅವರು ತಾವು ಆರಿಸಿದ ಸೀಡಿಗಳನ್ನು ಸದ್ದಿಲ್ಲದೆ ಗೂಡಿಗೆ ಸೇರಿಸಿ ನಡೆದರು.

“ಬಸ್ ಕರೋ ಅಮ್ಮಾ!” ಸಾಕು ಮಾಡಿರೆಂದು ಅಂಗಡಿಯವ ಎರಡೂ ಕೈ ಮುಗಿದ. “ಕಂಪನೀಕು ಅಬ್ಬೀಚ್ ಬೋಲ್ತುಂ!” ಎಂದು, ಕಂಪನಿಗೆ ಈಗಲೇ ತಿಳಿಸುವ ಮಾತು ಕೊಟ್ಟ.

ಕೂಸನ್ನೆತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ ಶರ್ವರಿಗೆ ರೋಮಾಂಚನ. ಸಾರಿನಲ್ಲಿ ಉಪ್ಪು ಕಡಿಮೆಯೆಂದು ದಿನಾ ಗೊಣಗುವ ಅತ್ತೆ ಇವರೇನಾ? ಅವರು ಅಕ್ಕಿ ಸುರಿಯುತ್ತಿದ್ದ ರೀತಿ ನೋಡಿದರೆ ಕಿರೀಟವೊಂದೇ ಕಡಿಮೆ! ಕಾವಲುಗಾರನನ್ನು ಸೃಷ್ಟಿಸಿದ ಮಹಾಮೇಧಾವಿಗಳು ಜಗತ್ತಿನ ಕಳ್ಳರನ್ನೆಲ್ಲ ತಡೆದಿದ್ದರು. ಒಂದು ಕಾಯಿ, ಒಂದು ಖಣವನ್ನು ತಡೆಯುವ ಸಾಫ್ಟ್‌ವೇರು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಕಂಪನಿ ಬಾಗಿ ಹೇಳಿಕಳಿಸಿತು: ಕಾವಲುಗಾರನನ್ನು ಹೊರಗಟ್ಟುವ ಉಪಾಯ ಹೇಳುತ್ತೇವೆ, ಒಳ್ಳೆಯ ಸೀಡಿಯನ್ನೂ ಕೊಡುತ್ತೇವೆ. ಎಲ್ಲರ ಪರವಾಗಿ ಒಬ್ಬರು ಫೋನಿನಲ್ಲಿ ದೂರು ಬರೆಸಬೇಕು, ಅಷ್ಟೇ.

“ನಮ್ಮ ಶರ್ವರಿನಽ ಮಾತಾಡ್ಲಿ. ಕಾನ್ವೆಂಟ್ ಓದಿದಾಕಿ,” ಎಂದರು ಯಮುನಾಬಾಯಿ. “ಇಂಗ್ಲಿಷಿನ್ಯಾಗ ಬೈದ್ರ ಭಾಳ ನಾಟತೈತಿ.”

ಶರ್ವರಿಯ ಚಿಂತೆಯ ಕಣಜ ಮತ್ತೆ ಬಾಯಿ ತೆರೆಯಿತು. ಕಂಪನಿಯವರು ಎದುರು ಪ್ರಶ್ನೆ ಕೇಳಿದರೆ? ಪೊಲೀಸರನ್ನು ಕಳಿಸಿದರೆ? ಒಂದು ದಿನ ಗಂಟಲು ಕಟ್ಟಿದೆಯೆಂದಳು, ಮರುದಿನ ಲೈನು ಕೆಟ್ಟಿದೆಯೆಂದಳು. ಕೊನೆಗೆ ಮಂಡಳಿಯೇ ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಿತು. ಅಳುತ್ತಿದ್ದ ಲಹರಿಯನ್ನು ಹೆಗಲಿಗೆ ಹಾಕಿಕೊಂಡು, ಕಂಠಪಾಠ ಮಾಡಿದ ಬೈಗುಳಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತ ಅವಳು ನಂಬರು ಒತ್ತಿದಳು. ಎಲ್ಲರಿಗೂ ಕೇಳಲೆಂದು ಶೋಭಾ ಸ್ಪೀಕರಿನ ಗುಂಡಿ ಅದುಮಿದಳು.

ಬೆಣ್ಣೆಯಂಥ ಹೆಣ್ಣುದನಿಯೊಂದು ತೇಲಿಬಂತು. ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ. ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಮತ್ತೆ ತೆಲುಗಿನಲ್ಲಿ. ಲಹರಿಯ ಅಳು ನಿಂತಿತು. ಮತ್ತೆ ಹಿಂದಿಯಲ್ಲಿ. ಕೂಸಿನ ತಲೆ ಅಮ್ಮನ ಹೆಗಲಿಗೆ ವಾಲಿತು. ಇಂಗ್ಲಿಷಿನ ಹೊತ್ತಿಗೆ ಸಣ್ಣ ಗೊರಕೆ. ಮಂಡಳಿ ಉಸಿರು ಬಿಗಿಹಿಡಿದು, ದೇವರು ಪ್ರತ್ಯಕ್ಷನಾದನೆಂಬಂತೆ ಕಣ್ಣರಳಿಸಿ ನೋಡಿತು.

“ಹಲೋ! ಮೇಡಂ, ವಾಟ್ ಈಸ್ ಯುವರ್ ಕಂಪ್ಲೇಂಟ್?” ಗಂಡಸಿನ ದನಿಯೊಂದು ಗುಡುಗಿತು.

ಲಹರಿಯ ರೆಪ್ಪೆ ಅದುರಿತು. ಯಮುನಾಬಾಯಿ ಬೈಯಿ, ಬೈಯಿ ಎಂದು ಕೈಸನ್ನೆ ಮಾಡಿದರು. ಶರ್ವರಿ ಇಂಗ್ಲಿಷನ್ನೆಲ್ಲ ಮರೆತು ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು:

“ದೂರು ಆಮ್ಯಾಲ್ರಿ, ಸಾಹೇಬ್ರ. ಕೈ ಮುಗೀತೀನಿ, ಮೊದಲ ಆ ಅಕ್ಕಾರನ್ನ ಮತ್ತ ಹಚ್ರಿ.”