ವಾಲ್ವು ಬಂತು

ಎಲ್ಲ ಅವಾಂತರಕ್ಕೂ ಮೂಲ, ತೀರ್ಥೇಶ ಬಸ್ಸಿನಲ್ಲಿ ಕೂತು ಫೋನಿಗೆ ಕೂಗಿದ ಒಂದು ಮಾತು.

“ವಾಲ್ವು ಸಿಕ್ತು ಕಣೋ ಹೊನ್ನೇಶ! ಸಂಜೆ ಆರಕ್ಕೆಲ್ಲ ಹಾಕ್ತೀನಿ!”

ತರೀಕೆರೆಯ ಗೆಳೆಯನಿಗೆ ಈ ಸುದ್ದಿ ಮುಟ್ಟಿಸಿದ ತೀರ್ಥೇಶ ಅಜ್ಜಂಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕಡೂರಿನ ಕೊರಿಯರ್ ಆಫೀಸಿನಿಂದ ಅವನು ಬಿಡಿಸಿಕೊಂಡು ತರುತ್ತಿದ್ದುದು ಹೆಬ್ಬೆರಳು ಗಾತ್ರದ ಗಾಜಿನ ವಾಲ್ವು. ಹಳೇ ರೇಡಿಯೋಗಳ ಹೊಟ್ಟೆಯಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ಜಾತಿಯದು. ಅದೊಂದನ್ನು ಸಿಕ್ಕಿಸಿದರೆ ಅವನು ಎರಡು ವರ್ಷದಿಂದ ಕೈಯಾರೆ ಕಟ್ಟುತ್ತಿದ್ದ ಆಂಪ್ಲಿಫೈಯರ್ ಮುಗಿದಂತೆ. ಅದರ ಶಕ್ತಿ ಎರಡೇ ವ್ಯಾಟು. ಜೋಡಿಗೆ ಮುಂಗೋಣೆಯಲ್ಲಿ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ಅದರಲ್ಲಿ ಒಂಟಿ ಸ್ಪೀಕರು. ದಪ್ಪ ದನಿಗೊಂದು, ಕೀರಲು ದನಿಗೊಂದು ಎಂಬ ಪಾಲು ಅದರಲ್ಲಿಲ್ಲ. ನಗಾರಿಯಿಂದ ಗೆಜ್ಜೆಯವರೆಗೆ ಎಲ್ಲವನ್ನೂ ಆ ಒಂದೇ ಕಾಗದದ ಕೋನು ನುಡಿಯಬೇಕು.

“ಇವತ್ತು ಸಂಜೆಯೊಳಗೆ ಅದು ಹಾಡ್ಬೇಕು ಕಣ್ರೀ,” ಎಂದು ಹೆಂಡತಿ ಬೃಂದಾ ಬೆಳಿಗ್ಗೆಯೇ ಗಡುವು ಕೊಟ್ಟಿದ್ದಳು. “ಇಲ್ದಿದ್ರೆ ಅದು ಕೊಟ್ಟಿಗೆಗೆ, ನನ್ನ ಹೊಲಿಗೆ ಮಿಷನ್ನು ಮುಂಗೋಣೆಗೆ.”

ಬಸ್ಸಿನ ಮುಂದಿನ ಸೀಟಿನಲ್ಲಿ ಪಕ್ಕದ ಮನೆಯ ಕಾಮಾಕ್ಷಮ್ಮ ಕೂತಿದ್ದರು. ಅವರ ಬೀದಿಗೆ ನೀರು ಬಾರದೆ ಎಂಟು ದಿನ. ನೀರು ಬಿಡುವ ಲಕ್ಕಣ್ಣ ದಿನಾ ಒಂದೇ ಪಲ್ಲವಿ ಹಾಡುತ್ತಿದ್ದ: “ವಾಲ್ವು ಕೆಟ್ಟೈತೆ, ಕಡೂರಿಂದ ಬರ್ಬೇಕು.” ಕಾಮಾಕ್ಷಮ್ಮನ ಕಿವಿ ನಿಮಿರಿತು. ಬಸ್ಸು ನಿಂತದ್ದೇ ತಡ, ಸೊಂಟನೋವನ್ನೂ ಮರೆತು ಓಡಿದರು.

ಬೆಸುಗೆ ತಂತಿ ಕೊಂಡು ತೀರ್ಥೇಶ ಮನೆ ಮುಟ್ಟುವಷ್ಟರಲ್ಲಿ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಬಣ್ಣಬಣ್ಣದ ಕೊಡಗಳ ಸಾಲು. ಎರಡು ವರ್ಷ ತನ್ನನ್ನು ನೋಡಿ ನಕ್ಕ ಬೀದಿ ಹಾಡು ಕೇಳಲು ಬಂದಿದೆ! ಕೊಡವೇಕೆಂದು ಒಂದು ಕ್ಷಣ ಅನುಮಾನವಾಯಿತು; ಬೋರಲು ಹಾಕಿ ಕೂರಲಿಕ್ಕಿರಬೇಕು ಎಂದುಕೊಂಡ.

“ಇವತ್ತು ಬತ್ತದಾ ಸಾ?” ಎದುರು ಮನೆಯ ಭಾಗಮ್ಮ ಕೇಳಿದಳು.

“ಖಂಡಿತ ಬರುತ್ತೆ. ಬಿಸಿಯಾಗೋಕೆ ಅರ್ಧ ನಿಮಿಷ ಬೇಕು, ಅಷ್ಟೇ.”

“ಅಯ್ಯೋ, ಬಿಸೀದೇ ಬತ್ತದಂತೆ ಕಣೇ! ಸೌದೆ ಉಳೀತು!”

“ಆದ್ರೆ ಜೋರು ಇರಲ್ಲ, ಎರಡೇ ವ್ಯಾಟು,” ತೀರ್ಥೇಶ ಪ್ರಾಮಾಣಿಕವಾಗಿ ಹೇಳಿದ. “ಶುದ್ಧ ಮಾತ್ರ ಅಪರಂಜಿ. ಒಂದು ಚೂರೂ ಕಲ್ಮಶ ಇರಲ್ಲ.”

“ಸಣ್ಣಗೆ ಬಂದ್ರೂ ಸೈ, ಶುದ್ಧ ಇರ್ಬೇಕು ಕಣಪ್ಪಾ,” ಎಂದರು ಕಾಮಾಕ್ಷಮ್ಮ.

ಇಂಥ ರಸಿಕರು ಪಕ್ಕದಲ್ಲೇ ಇದ್ದರೂ ತನಗೆ ತಿಳಿಯಲಿಲ್ಲವಲ್ಲ ಎಂದು ಅವನು ಮರುಗಿದ.

ಅಷ್ಟರಲ್ಲಿ ದಿನದಂತೆ ಟ್ಯಾಂಕಿನ ನೀರನ್ನು ಈ ಬೀದಿಯ ಪೈಪಿಗೆ ತಿರುಗಿಸಿ ಲಕ್ಕಣ್ಣ ಬಂದ. “ಎಲ್ಲಿ ಸಾರ್ ವಾಲ್ವು?”

ತೀರ್ಥೇಶ ಎಳೆಮಗುವಿನ ಕುಲಾವಿ ತೆಗೆಯುವಂತೆ ಹತ್ತಿ ಸರಿಸಿ ತೋರಿಸಿದ. ಲಕ್ಕಣ್ಣ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ನಾಲ್ಕಿಂಚು ಪೈಪಿಗೆ ಈ ಗಾಜಿನ ಬದನೆಕಾಯಿ ಎಂಗೆ ಕೂರ್ತದೆ ಸಾ?”

ಬೀದಿ ಕೆರಳಿತು. ಕೊಡಗಳು ಒಂದಕ್ಕೊಂದು ಬಡಿದುಕೊಂಡವು.

“ಲೇ ತೀರ್ಥೇಶ, ಬಸ್ಸಲ್ಲಿ ನೀನೇ ಹೇಳ್ದಲ್ಲೋ!” ಕಾಮಾಕ್ಷಮ್ಮ ಗುಡುಗಿದರು.

ಬೃಂದಾ ಹೊಸ್ತಿಲಿಗೆ ಬಂದಳು. “ಹೆಂಗೂ ಊರೇ ಬಂದೈತೆ, ಹಾಕಿ. ಅದು ಹಾಡ್ಲಿಲ್ಲಾಂದ್ರೆ ಹೊರೋಕೆ ಜನ ಹುಡುಕೋ ಹಂಗೂ ಇಲ್ಲ.”

ತೀರ್ಥೇಶ ವಾಲ್ವು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಗಾಜಿನೊಳಗೆ ಕೆಂಡದ ಎಳೆಯೊಂದು ಮೂಡಿತು. “ದಮ್ಮಯ್ಯ, ಸುಮ್ನಿರಿ. ನೀವು ಉಸಿರು ಬಿಟ್ರೂ ಇದು ಕೇಳಿಸಲ್ಲ.”

ಪೆಟ್ಟಿಗೆಯಿಂದ ಒಬ್ಬ ಮುದುಕಿಯ ಸೋಬಾನೆ ಪದ ಹೊಮ್ಮಿತು. ಸಾಲಿನ ಕೊನೆಗೆ ಆಕೆ ಉಸಿರೆಳೆದುಕೊಂಡದ್ದು, ಕೈಬಳೆ ಕದಲಿದ್ದು, ಎಲ್ಲವೂ ಮೂರಡಿ ದೂರದಲ್ಲಿ ಕೂತು ಹಾಡಿದಂತೆ ಕೇಳಿತು. ತೀರ್ಥೇಶನ ಮೈಮೇಲೆ ಮುಳ್ಳೆದ್ದವು. ಭಾಗಮ್ಮ ಕೊಡ ತಬ್ಬಿಕೊಂಡು ಕೂತುಬಿಟ್ಟಳು. ಬೃಂದಾ ಸೆರಗಿನಿಂದ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: “ಇರ್ಲಿ ಬಿಡ್ರೀ. ಇದು ಇಲ್ಲೇ ಇರ್ಲಿ.”

ಗೆದ್ದೆ! ಅವನ ಎದೆ ಹಿಗ್ಗಿತು.

ಹಾಡು ಮುಗಿಯಿತು. ಆ ಮೌನದಲ್ಲಿ ಸಣ್ಣಗೆ, ಬಿಡದೆ, ‘ಸುಸ್ಸ್ಸ್’ ಎಂಬ ಸದ್ದು.

ತೀರ್ಥೇಶನ ಮುಖ ಬಿಳುಚಿತು. ಎರಡು ವರ್ಷ ಕಟ್ಟಿದ ಆಂಪ್ಲಿಫೈಯರಿನಲ್ಲಿ ಕಲ್ಮಶ! ಸ್ವಿಚ್ಚು ಆರಿಸಿದ, ಸದ್ದು ನಿಲ್ಲಲಿಲ್ಲ. ಪ್ಲಗ್ಗು ಕಿತ್ತ, ಆಗಲೂ ಇತ್ತು.

ಲಕ್ಕಣ್ಣ ನೆಲಕ್ಕೆ ಕಿವಿಯಿಟ್ಟು ಮಲಗಿದ. ಡಾಕ್ಟರಂತೆ ಎರಡು ಕಡೆ ಪರೀಕ್ಷಿಸಿ ಎದ್ದ.

“ಸಾರ್, ಈ ಕೋಣೆ ಯಾವಾಗ ಕಟ್ಸಿದ್ದು?”

“ಹೋದ ವರ್ಷ. ಮೊದ್ಲು ಇಲ್ಲಿ ಬರೀ ಅಂಗಳ ಇತ್ತು.”

“ಮೇನ್ ಲೈನು ಇದರಡೀಲೇ ಹೋಗೈತೆ. ವಾಲ್ವು ಸರಿಯಾಗೇ ಐತೆ, ಪೈಪು ಒಡ್ದೈತೆ! ಎಂಟು ದಿನದ ನೀರೆಲ್ಲ ಇಲ್ಲೇ ಇಂಗೈತೆ. ನಿಮ್ಮ ಹಾಡಿಗೆ ಬೀದಿ ಬಾಯಿ ಮುಚ್ಚದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಕಣ್ರೀ!”

ಬೀದಿಯೆಲ್ಲ ಜೈಕಾರ ಹಾಕಿತು. ಯಾರೋ ತೀರ್ಥೇಶನ ಬೆನ್ನು ತಟ್ಟಿದರು. ಇನ್ಯಾರೋ ಆಗಲೇ ಹಾರೆ, ಗುದ್ದಲಿ ತಂದರು. ಎಂಟು ಜನ ಪೆಟ್ಟಿಗೆಯನ್ನು ಎತ್ತಿ ಕೊಟ್ಟಿಗೆಯ ಕಡೆ ಹೊರಟರು. ಹಿಂದೆಯೇ ತೀರ್ಥೇಶನ ನುಣುಪು ನೆಲದ ಮೇಲೆ ಮೊದಲ ಹಾರೆ ಬಿತ್ತು.

ಎಲ್ಲರಿಗಿಂತ ಮುಂದೆ ಕಾಮಾಕ್ಷಮ್ಮ ದಾರಿ ಬಿಡಿಸುತ್ತ ಕೂಗುತ್ತಿದ್ದರು: “ನಿಧಾನ ಕಣ್ರೋ, ನಿಧಾನ! ಒಳಗೆ ವಯಸ್ಸಾದ ಹೆಣ್ಮಗಳವ್ಳೆ!”