ಭೋಂಭೋಂ ಹಿಂದೆ ಹೋದ ಪಿಟೀಲು

ಸಂಗೀತಗಾರರಿಗೆ ಸಂಗೀತ ಕೇಳಲು ಬರುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಒಬ್ಬ ದರ್ಜಿಯನ್ನು ಮದುವೆಮನೆಗೆ ಕರೆದುಕೊಂಡು ಹೋಗಿ ನೋಡಿ. ಅವನು ಮದುಮಗನ ಮುಖ ನೋಡುವುದಿಲ್ಲ, ಕೋಟಿನ ತೋಳು ಎಲ್ಲಿ ಸುಕ್ಕುಗಟ್ಟಿದೆ ಎಂದು ನೋಡುತ್ತಾನೆ. ನಮ್ಮ ಕಥೆಯೂ ಅಷ್ಟೇ. ನನ್ನ ಗೆಳೆಯ ಷಣ್ಮುಗಂ ಹಲಸೂರಿನವನು, ಮೃದಂಗ ನುಡಿಸುತ್ತಾನೆ. ಅವನ ಜೊತೆ ಸಿನಿಮಾಕ್ಕೆ ಹೋದರೆ, ನಾಯಕಿ ಸಾಯುತ್ತಿದ್ದಾಳೆ, ಇಡೀ ಥಿಯೇಟರು ಮೂಗು ಒರೆಸಿಕೊಳ್ಳುತ್ತಿದೆ, ಇವನು ನನ್ನ ಕಿವಿಗೆ ಬಾಗಿ, "ತಬಲಾದವ್ನು ಎಡಗೈ ಚೆನ್ನಾಗಿ ಹಾಕಿದಾನೆ ಗುರು" ಎನ್ನುತ್ತಾನೆ. ಕೊಳಲಿನ ಮೂರ್ತಿಯವರು ಕುಕ್ಕರು ಕೂಗಿದರೂ ಶ್ರುತಿ ಸರಿಯಿದೆಯೇ ಎಂದು ತಲೆ ಓರೆ ಮಾಡುತ್ತಾರೆ. ನಾನು ಪಿಟೀಲಿನವನು. ಯಾವ ಕಛೇರಿಗೆ ಹೋದರೂ ನನ್ನ ಕಣ್ಣು ಕಿವಿ ಎರಡೂ ಪಿಟೀಲಿನ ಕಮಾನಿಗೇ ಅಂಟಿಕೊಂಡಿರುತ್ತವೆ. ಹಾಡಿದವರು ಯಾರೆಂದು ಆಮೇಲೆ ಬೇರೆಯವರನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ಈ ರೋಗಕ್ಕೆ ಮದ್ದು ಕಂಡುಹಿಡಿದವರು ಕುಕ್ ಟೌನಿನ ಫಿಲೋಮಿನಾ ಮಿಸ್. ಹಳೆಯ ಬಂಗಲೆಯೊಂದರ ಹಿಂಬದಿಯ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಪಿಯಾನೊ ಕಲಿಸುತ್ತಾರೆ. ಭಾನುವಾರ ಬೆಳಗ್ಗೆ ಅವರು ಚರ್ಚಿನಿಂದ ಬಂದ ಮೇಲೆ ನಾವು ಮೂವರು ಅಲ್ಲಿ ಸೇರುತ್ತೇವೆ. ಅವರು ಕೇಕು ಕೊಡುತ್ತಾರೆ, ನಾವು ಹೊಗಳುತ್ತೇವೆ, ಆಮೇಲೆ ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದು ಸಂಗೀತವನ್ನು ಮೊಬೈಲಿನಿಂದ ಅವರ ದೊಡ್ಡ ಸ್ಪೀಕರಿಗೆ ಹಾಕಿ ಕೇಳಿಸಬೇಕು. ಎರಡೇ ನಿಯಮ. ತಮ್ಮ ತಮ್ಮ ವಾದ್ಯದ ಸಂಗೀತ ತರಕೂಡದು. ತಂದವರೇ ಮೊದಲು ಬಾಯಿ ಬಿಟ್ಟು, ಇದು ಯಾಕೆ ಇಷ್ಟ ಎಂದು ಹೇಳಬೇಕು. ಮೊದಲನೇ ನಿಯಮ ನನಗೆ ಕಷ್ಟವಾಗಲಿಲ್ಲ. ಎರಡನೆಯದು ನನ್ನ ಮರ್ಯಾದೆ ತೆಗೆಯಿತು.

ಯಾಕೆಂದರೆ ನಾನು ಪಕ್ಕವಾದ್ಯದವನು. ಬುದ್ಧಿ ತಿಳಿದಾಗಿನಿಂದ ಬೇರೆಯವರು ಹಾಡಿದ್ದನ್ನು ಕೂದಲೆಳೆಯಷ್ಟು ಹಿಂದಿನಿಂದ ಹಿಡಿದು ನುಡಿಸುವುದೇ ನನ್ನ ಕಸುಬು. ಅವರು ಮೇಲೆ ಹತ್ತಿದರೆ ಹತ್ತಬೇಕು, ನಿಂತರೆ ಅವರ ಕೊನೆಯ ಮಾತನ್ನು ಹಿಡಿದು ಎಳೆಯುತ್ತಾ ಇರಬೇಕು. ಒಳ್ಳೆಯ ಪಕ್ಕವಾದ್ಯವೆಂದು ಹತ್ತು ಜನ ಹೇಳುತ್ತಾರೆ, ಸುಳ್ಳು ವಿನಯ ಯಾಕೆ. ಆದರೆ ಕಸುಬು ಎನ್ನುವುದು ಕೈಗೆ ಮಾತ್ರ ಅಂಟಿಕೊಂಡು ಸುಮ್ಮನಿರುವುದಿಲ್ಲವಲ್ಲ. ಹೋಟೆಲಿನಲ್ಲಿ ಮುಂದಿನವರು ಏನು ಹೇಳುತ್ತಾರೋ ನನಗೂ ಅದೇ. ಒಮ್ಮೆ ದೊಮ್ಮಲೂರು ಫ್ಲೈಓವರಿನ ಮೇಲೆ ಬಿಳಿ ಕಾರೊಂದರ ಹಿಂದೆ ಸ್ಕೂಟರು ಓಡಿಸುತ್ತಾ, ಅದು ತಿರುಗಿದಲ್ಲೆಲ್ಲ ತಿರುಗಿ, ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿದ್ದೆ. "ಯಾವ ಫ್ಲ್ಯಾಟ್ ಸಾರ್?" ಎಂದು ವಾಚ್‌ಮ್ಯಾನ್ ಕೇಳಿದಾಗಲೇ ನನಗೆ ಎಚ್ಚರ. ಮನೆಯಲ್ಲೂ ಹೀಗೆಯೇ. ನನ್ನ ಹೆಂಡತಿ ಶೈಲಾ ಗದಗಿನವಳು, ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕೆಲಸ. ಊಟಕ್ಕೆ ಕೂತಾಗ "ಸಾರಿಗೆ ಉಪ್ಪು ಕಡಿಮಿ ಆಗೇತೇನ್ರಿ?" ಎಂದರೆ ನಾನು, "ಕಡಿಮೆ ಆಗಿದೆ" ಎನ್ನುತ್ತೇನೆ. ಅವಳು ತಾನೇ ರುಚಿ ನೋಡಿ, "ಇಲ್ಲ, ಬರೋಬ್ಬರಿ ಐತಿ" ಎಂದರೆ, "ಬರೋಬ್ಬರಿ ಇದೆ" ಎನ್ನುತ್ತೇನೆ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ.

ಇಂಥವನು ಭಾನುವಾರದ ಸಭೆಯಲ್ಲಿ ಏನು ಮಾಡಿಯಾನು? ಮೊದಮೊದಲು ಶಿಷ್ಯರು ಹೇಳಿದ್ದನ್ನೋ ಮೊಬೈಲು ತಾನಾಗಿ ಹಾಕಿದ್ದನ್ನೋ ತಂದು ದಿನ ತಳ್ಳಿದೆ. ಆಮೇಲೊಂದು ಭಾನುವಾರ ನಿಜವಾಗಿಯೂ ನನ್ನ ಮನಸ್ಸಿಗೆ ಹತ್ತಿದ ಒಂದು ಸಾರಂಗಿ ವಾದನ ಸಿಕ್ಕಿತು. ಹಿಂದಿನ ರಾತ್ರಿ ಕೇಳಿ ಕಣ್ಣು ತುಂಬಿಕೊಂಡಿದ್ದೆ. ಬೆಳಗ್ಗೆ ಹಾಕಿ, ಕೊನೆಗೆ ಗಂಟಲು ಸರಿಮಾಡಿಕೊಂಡು, "ಮನುಷ್ಯನ ಕಂಠಕ್ಕೆ ಇದಕ್ಕಿಂತ ಹತ್ತಿರದ ವಾದ್ಯ ನಾನು ಕೇಳಿಲ್ಲ" ಎಂದೆ. ಷಣ್ಮುಗಂ ಕೇಕಿನ ತಟ್ಟೆಯನ್ನೇ ನೋಡುತ್ತಿದ್ದ. ಕೊನೆಗೆ ಮೂರ್ತಿಯವರು ಬಹಳ ಮೆತ್ತಗೆ, "ಶ್ರೀಧರ, ಇದು ಹೋದ ತಿಂಗಳು ನಾನು ತಂದಿದ್ದು. ಆ ಮಾತೂ ನಾನೇ ಹೇಳಿದ್ದು ಕಣಪ್ಪಾ" ಎಂದರು. ನಾನು ಕದ್ದಿರಲಿಲ್ಲ, ದೇವರಾಣೆ. ಅವರು ಹಾಡಿದ್ದರು, ನಾನು ಹಿಂದಿನಿಂದ ನುಡಿಸಿದ್ದೆ. ಒಂದು ತಿಂಗಳು ತಡವಾಗಿತ್ತು, ಅಷ್ಟೆ.

ಷಣ್ಮುಗಂ ಹೊಟ್ಟೆ ಹಿಡಿದುಕೊಂಡು ನಕ್ಕ. ಮಿಸ್ ನಗಲಿಲ್ಲ. ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಹೇಳಿದರು: "ಶ್ರೀಧರ್, ನೆಕ್ಸ್ಟ್ ಸಂಡೇ ನಿಮ್ದು ತನ್ನಿ. ನಿಮ್ದು. ಇಲ್ಲಾಂದ್ರೆ ಪರ್ವಾಗಿಲ್ಲ, ಸುಮ್ನೆ ಬಂದು ಕೇಕ್ ತಿನ್ನಿ." ಅವರ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಆದರೂ ಸ್ಕೂಟರು ಹತ್ತಿದ ಮೇಲೆ ನನಗೆ ಅಳು ಬಂದ ಹಾಗಾಯಿತು. ಇಷ್ಟು ವರ್ಷ ಸಂಗೀತದಲ್ಲೇ ಬಿದ್ದು ಹೊರಳಿದ ಮೇಲೂ ನನಗೆ ಇಷ್ಟವಾದದ್ದು ಎಂದು ಒಂದೂ ಇಲ್ಲವೇ? ಕೇಕು ತಿನ್ನುವುದಕ್ಕೆ ಮಾತ್ರ ಲಾಯಕ್ಕಾದೆನೇ?

ಮನೆಗೆ ಬಂದು ಶೈಲಾಳ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಬಟ್ಟೆ ಮಡಚುತ್ತಿದ್ದಳು.

"ನಿಮಗ ಏನು ಸೇರ್ತೈತಿ ಅಂತ ನನಗ ಗೊತ್ತೈತಿ" ಎಂದಳು.

"ಏನು? ಹೇಳೇ."

"ಹೇಳಂಗಿಲ್ಲ."

ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. ಗದಗಿನ ಹಟ ಅಂದರೆ ಹಟ.

ಸರಿ, ನಾನೇ ಹುಡುಕಲು ಹೊರಟೆ. ಕುಕ್ ಟೌನಿನ ಚರ್ಚೊಂದರಲ್ಲಿ ಸಂಜೆ ಹಾಡಿನ ಅಭ್ಯಾಸ ನಡೆಯುತ್ತದೆಂದು ತಿಳಿದು, ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಹೆಣ್ಣುಮಕ್ಕಳು ಬಹಳ ಚೆನ್ನಾಗಿ ಹಾಡಿದರು. ಆದರೆ ಮನೆಗೆ ಬಂದು ನೆನಪಿಸಿಕೊಂಡರೆ ಒಂದು ಸಾಲೂ ನೆನಪಿಲ್ಲ. ಮೂಲೆಯಲ್ಲಿದ್ದ ಇಬ್ಬರು ಮುದುಕರು ತಗ್ಗಿನ ದನಿಯಲ್ಲಿ ಒಂದೇ ಸ್ವರ ಎಳೆಯುತ್ತಿದ್ದರಲ್ಲ, ಅದೊಂದೇ ಕಿವಿಯಲ್ಲಿ. ಶಿವಾಜಿನಗರದ ಚಹಾದಂಗಡಿಯಲ್ಲಿ ಕವ್ವಾಲಿ ಹಾಕಿದ್ದರು. ಅಲ್ಲಿ ಎರಡು ಚಹಾ ಕುಡಿದು ಕೇಳಿದೆ. ಗಾಯಕರು ಆಕಾಶಕ್ಕೆ ಏಣಿ ಹಾಕಿದ ಹಾಗೆ ಹಾಡುತ್ತಿದ್ದರೆ ನನ್ನ ಗಮನವೆಲ್ಲ ಹಿಂದೆ ಕೂತು ಚಪ್ಪಾಳೆ ತಟ್ಟುವವರ ಮೇಲೆ. ಬೈದುಕೊಂಡೆ ನನ್ನನ್ನು ನಾನೇ. ಊಟಕ್ಕೆ ಕರೆದರೆ ಎಲೆ ಎಣಿಸಿಕೊಂಡು ಬಂದವನ ಹಾಗಾಯಿತು ನನ್ನ ಗತಿ. ಶುಕ್ರವಾರ ಬಂತು, ಕೈ ಖಾಲಿ. ಭಾನುವಾರ ತಲೆನೋವು ಬರಿಸಿಕೊಳ್ಳುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಆ ಸಂಜೆ ಶೈಲಾ ಒಲೆಯ ಮೇಲೆ ಎಣ್ಣೆಯಿಟ್ಟು, "ಕರಿಬೇವು ತೀರೇತಿ, ಓಡಿ ಹೋಗಿ ತರ್ರಿ" ಎಂದು ಅಟ್ಟಿದಳು. ನಮ್ಮದು ಜೋಗುಪಾಳ್ಯ. ಸೊಪ್ಪಿನಂಗಡಿ ಬೀದಿಯ ತುದಿಯಲ್ಲೇ ಇದೆ. ಸೊಪ್ಪಿನಾಕೆ ಕಟ್ಟು ಎತ್ತಿ ಕೊಡುವಷ್ಟರಲ್ಲಿ ಬೀದಿಯ ತಿರುವಿನಿಂದ ಮದುವೆ ಗಂಡಿನ ಮೆರವಣಿಗೆ ಬಂತು. ಮುಂದೆ ಬ್ಯಾಂಡ್‌ಸೆಟ್ಟು. ಕೆಂಪು ಕೋಟು ಹಾಕಿದವರು ತುತ್ತೂರಿಗಳಲ್ಲಿ ಕಿವಿ ಹರಿಯುವಂತೆ ಏನನ್ನೋ ಊದುತ್ತಿದ್ದರು. ಎಲ್ಲರ ಹಿಂದೆ ಒಬ್ಬ ದಪ್ಪನೆಯ ಮನುಷ್ಯ. ಒಂದು ಬೃಹತ್ ಹಿತ್ತಾಳೆ ವಾದ್ಯವನ್ನು ಮೈಗೆಲ್ಲ ಸುತ್ತಿಕೊಂಡಿದ್ದಾನೆ, ಅದರ ಬಾಯಿ ಅವನ ತಲೆಯ ಮೇಲೆ ಕೊಡೆಯಷ್ಟು ಅಗಲಕ್ಕೆ ತೆರೆದಿದೆ. ಅದಕ್ಕೊಂದು ಇಂಗ್ಲಿಷ್ ಹೆಸರಿದೆಯಂತೆ, ನಮ್ಮ ಬೀದಿಯ ಮಕ್ಕಳು ಭೋಂಭೋಂ ಎನ್ನುತ್ತಾರೆ. ಅವನ ಪಾಲಿಗೆ ಇದ್ದದ್ದು ಎರಡು ಸ್ವರ. ಭೋಂ, ಕೆಳಗೊಂದು ಭೋಂ. ಮತ್ತೆ ಭೋಂ.

ನಾನು ಸೊಪ್ಪಿನಾಕೆಗೆ "ಬಂದೆ" ಎಂದು ಹೇಳಿದ್ದು ನೆನಪಿದೆ. ಕಾಲು ಮಾತ್ರ ಮೆರವಣಿಗೆಯ ಕಡೆ ಹೋಯಿತು. ಹಲಸೂರಿನ ಕಡೆ ತಿರುಗುವಲ್ಲಿ ಬಸ್ಸೊಂದು ಅಡ್ಡ ಬಂದು ಹಾರ್ನು ಹೊಡೆದ ರಭಸಕ್ಕೆ ತುತ್ತೂರಿಯವರೆಲ್ಲ ತಾಳ ತಪ್ಪಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಇವನು ಬಸ್ಸಿನ ಕಡೆ ಕಣ್ಣೂ ಹಾಯಿಸಲಿಲ್ಲ. ಭೋಂ, ಭೋಂ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹತ್ತಿರ ವಾಪಸ್ಸು ಬಂದು ಸೇರಿಕೊಂಡರು. ನನಗೆ ಮೈ ಜುಮ್ಮೆಂದಿತು. ಬಹಳ ವರ್ಷದ ಮೇಲೆ ನನಗೆ ಸಂಗೀತ ಕೇಳಿ ಸುಮ್ಮನೆ ಸಂತೋಷವಾಯಿತು, ಒಂದು ಕಾರಣವೂ ಇಲ್ಲದೆ. ಮೊಬೈಲು ತೆಗೆದು ಅವನ ಪಕ್ಕದಲ್ಲೇ ನಡೆಯುತ್ತಾ ರೆಕಾರ್ಡು ಮಾಡತೊಡಗಿದೆ. ಅವನು ಎರಡು ಭೋಂಗಳ ನಡುವೆ ಬಾಯಿ ತೆಗೆದು, "ಸ್ವಲ್ಪ ಸರೀರಿ ಸಾರ್, ಮದುವೆ ವೀಡಿಯೊದಲ್ಲಿ ನೀವೇ ಬರ್ತಿದೀರ" ಎಂದ. ಸರಿದೆ. ಮುಂದಿನವರು ಹೋದ ಹಾಗೆ ಹೋದೆ. ಛತ್ರದ ಬಾಗಿಲಲ್ಲಿ ಯಾರೋ ಪನ್ನೀರು ಚಿಮುಕಿಸಿದರು, ಯಾರೋ ಕೈಗೆ ಗುಲಾಬಿ ಕೊಟ್ಟರು, "ಬನ್ನಿ ಬನ್ನಿ, ಮೊದಲು ಊಟ ಮುಗಿಸ್ಕೊಂಡ್ಬಿಡಿ" ಎಂದು ಒಬ್ಬ ಹಿರಿಯರು ಭುಜ ಹಿಡಿದು ಕೂರಿಸಿದರು. ಎಲೆಗೆ ಉಪ್ಪು ಬಿದ್ದಾಗ ಫೋನು ಬಂತು.

"ಎಲ್ಲಿದ್ದೀರಿ?" ಶೈಲಾ.

"ಮದುವೆಮನೇಲಿ."

"ಯಾರ ಮದುವಿ?"

"ಗೊತ್ತಿಲ್ಲ."

"ಕರಿಬೇವು?"

"ಇಲ್ಲಿ ಬಿಸಿಬೇಳೆಬಾತ್‌ಗೆ ಹಾಕಿದಾರೆ" ಎಂದೆ. ಇನ್ನೇನು ಹೇಳಲಿ?

ಛತ್ರದ ಬಾಗಿಲ ಬಳಿ ಭೋಂಭೋಂ ಇನ್ನೂ ನಡೆದಿತ್ತು. ಅದು ಅವಳಿಗೂ ಕೇಳಿಸಿರಬೇಕು. ಬೈಗುಳಕ್ಕೆ ತಲೆ ಬಗ್ಗಿಸಿ ಕೂತಿದ್ದೆ. ಅವಳು ಕಿಸಕ್ಕನೆ ನಕ್ಕು, "ಹಂಗಾರ ಸಾವಕಾಶ ಬರ್ರಿ" ಎಂದು ಫೋನಿಟ್ಟಳು. ನನಗೆ ಒಂದೂ ಅರ್ಥವಾಗಲಿಲ್ಲ. ಪಾಯಸ ಬಂತು, ತಿಂದೆ.

ಭಾನುವಾರ ತಲೆನೋವು ಬರಲಿಲ್ಲ. ಮಿಸ್ ಅವರ ಸ್ಪೀಕರಿಗೆ ನನ್ನ ರೆಕಾರ್ಡು ಹಾಕಿದಾಗ ಮೊದಲು ಬಂದದ್ದು ಆಟೋ ಹಾರ್ನು, ಆಮೇಲೆ "ಸ್ವಲ್ಪ ಸರೀರಿ ಸಾರ್", ಆಮೇಲೆ ಬರೀ ಭೋಂ. ಪಕ್ಕದಲ್ಲೇ ನಡೆದಿದ್ದೆನಲ್ಲ, ತುತ್ತೂರಿಯೆಲ್ಲ ಪಕ್ಕದ ಬೀದಿಯಲ್ಲಿದ್ದಂತೆ ಸಣ್ಣಗೆ ಕೇಳುತ್ತಿತ್ತು. ಟೀ ಕಪ್ಪುಗಳು ತಟ್ಟೆಯ ಮೇಲೆ ಗಿಲಿಗಿಲಿ ನಡುಗಿದವು. ಮುಗಿಯಿತು. ನಾನು ಅಭ್ಯಾಸದಂತೆ ಯಾರಾದರೂ ಮಾತು ಶುರು ಮಾಡಲೆಂದು ಕಾದೆ. ಯಾರೂ ಶುರು ಮಾಡಲಿಲ್ಲ, ನಿಯಮ ನಿಯಮವೇ.

"ಇದು ನಂಗಿಷ್ಟ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಎರಡೇ ಸ್ವರ ಅಲ್ಲವೇನಯ್ಯಾ?" ಮೂರ್ತಿಯವರು.

"ಎರಡೇ ಸ್ವರ" ಎಂದೆ. ಹಾಳು ಬಾಯಿ. ಆದರೆ ಈ ಸಲ ಅಲ್ಲಿಗೇ ನಿಲ್ಲಲಿಲ್ಲ. "ಆ ಎರಡು ಇಲ್ದಿದ್ರೆ ಮದುವೆ ಗಂಡು ಇವತ್ತಿಗೂ ಆ ಬಸ್ಸಿನ ಮುಂದೇನೇ ನಿಂತಿರ್ತಿದ್ದ ಸಾರ್. ಎಲ್ರೂ ದಾರಿ ತಪ್ಪಿದ್ರು, ಇವ್ನು ತಪ್ಪಲಿಲ್ಲ. ನಂಗೆ ಮುಂದೆ ಹಾಡೋರಿಗಿಂತ ಹಿಂದೆ ಹಿಡ್ಕೊಂಡಿರೋರು ಇಷ್ಟ. ಚರ್ಚಲ್ಲೂ ಅಷ್ಟೇ, ಕವ್ವಾಲಿಯಲ್ಲೂ ಅಷ್ಟೇ. ಇಷ್ಟು ದಿನ ಗೊತ್ತಿರ್ಲಿಲ್ಲ."

ಮಿಸ್ ಕನ್ನಡಕ ತೆಗೆದು ಒರೆಸಿಕೊಂಡು, "ಇದು ನಿಮ್ದು" ಎಂದರು. ಷಣ್ಮುಗಂ ತೊಡೆಯ ಮೇಲೆ ಬೆರಳಾಡಿಸುತ್ತಾ, "ಇನ್ನೊಂದ್ ಸಲ ಹಾಕು ಮಗಾ" ಎಂದ. ಇನ್ನೊಂದು ಸಲ ಹಾಕಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಭಾನುವಾರ ಮೂರ್ತಿಯವರು ಯಾವುದೋ ದೇಶದ ಬ್ಯಾಂಡಿನ ಸಂಗೀತ ತಂದರು. ಅದರಲ್ಲೂ ಭೋಂಭೋಂ. ಮುಗಿದ ಮೇಲೆ ಗಂಭೀರವಾಗಿ, "ನನಗೆ ಹಿಂದೆ ಹಿಡಿದುಕೊಂಡಿರುವವರೇ ಇಷ್ಟ" ಎಂದರು. ನನ್ನ ಮಾತು. ಅಕ್ಷರಕ್ಷರವೂ ನನ್ನದೇ. ಸಾರಂಗಿಯ ದಿನದ ಸೇಡು ತೀರಿಸಿಕೊಳ್ಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನಗೆ ಪಕ್ಕವಾದ್ಯ ನುಡಿಸಿದ್ದರು. ಆ ಸುಖವನ್ನು ಹಾಳು ಮಾಡಿಕೊಳ್ಳುವ ಪೆದ್ದ ನಾನಲ್ಲ.

ಮನೆಗೆ ಬಂದು ಶೈಲಾಳಿಗೆ ಒಂದಕ್ಕೆರಡು ಸೇರಿಸಿ ವರದಿ ಒಪ್ಪಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ, "ನಾ ಹೇಳಿರ್ಲಿಲ್ಲೇನು, ನನಗ ಗೊತ್ತೈತಿ ಅಂತ" ಎಂದಳು.

"ಅದು ಹೇಗೆ ಗೊತ್ತಿತ್ತು?"

"ನಮ್ಮ ಮದುವ್ಯಾಗ ಗದಗಿನ ಬ್ಯಾಂಡ್ ತರಿಸಿದ್ವಲ್ರಿ. ಅಂತರಪಟ ಸರಿಸಿದ ಕೂಡ್ಲೆ ಯಾರಾದ್ರೂ ಹೆಂಡ್ತಿ ಮುಖ ನೋಡ್ತಾರ. ನೀವು ನನ್ನ ಹೆಗಲ ಮ್ಯಾಲಿಂದ ಭೋಂಭೋಂ ಊದೋ ಆ ದೊಡ್ಡ ಕಹಳಿಯವನ್ನ ನೋಡ್ಲಿಕ್ಕೆ ಹತ್ತಿದ್ರಿ. ನಾ ಹಿಂಗ ಅಕ್ಕಿ ಹಿಡ್ಕೊಂಡು ನಿಂತಿದ್ದೆ."

ಒಲೆಯ ಮೇಲೆ ಎಣ್ಣೆ ಕಾಯುತ್ತಿದ್ದರೂ ಆ ಸಂಜೆ ಅವಳು ಬೈಯದೆ ಫೋನಿನಲ್ಲಿ ನಕ್ಕದ್ದು ಯಾಕೆಂದು ನನಗೆ ಈಗ ಹೊಳೆಯಿತು. "ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ? ವಾರವಿಡೀ ಒದ್ದಾಡಿದೆನಲ್ಲೇ" ಎಂದೆ.

"ನಾ ಹೇಳಿದ್ರ ಅದನ್ನೂ ನನ್ನ ಹಿಂದಿಂದ ಬಾರಿಸ್ತಿದ್ರಿ."

ಮದುಮಗನ ಮುಖ ನೋಡದ ದರ್ಜಿಯನ್ನು ಸುಮ್ಮನೆ ಆಡಿಕೊಂಡೆ ಅನ್ನಿಸಿತು. ಪಕ್ಕದಲ್ಲಿ ಕೂತು ನಾನೂ ಕಾಯಿ ಸುಲಿಯಲು ತೊಡಗಿದೆ. ಒಂದು ಹಿಡಿ ಕಾಳು ಆದ ಮೇಲೆ, "ಆಮೇಲೆ ನಿನ್ನ ಮುಖಾನೂ ನೋಡ್ದೆ ಕಣೇ" ಎಂದೆ.

"ಇರ್ಲಿ ಬಿಡ್ರಿ. ಈಗರ ಸರಿಯಾಗಿ ನೋಡ್ರಿ" ಎಂದು ತಲೆಯೆತ್ತಿದಳು.

"ಸರಿಯಾಗಿ ನೋಡ್ತೀನಿ" ಎಂದೆ.