ಒಂದು ರೇಸಿಗೆ ಒಂದು ಬೋಗುಣಿ ಅವರೆ

ಮನುಷ್ಯರಿಗಿಂತ ಯಂತ್ರಗಳ ಮೇಲೆ ನನಗೆ ನಂಬಿಕೆ ಜಾಸ್ತಿ. ಬಿಡದಿ ಕಡೆಯ ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಕೂತು, ತಡವಾಗಿ ಬಂದವರು ಹೇಳುವ ಕಥೆಗಳನ್ನು ಕೇಳಿ ಕೇಳಿ ಬಂದ ಜ್ಞಾನ ಇದು. ಹೆಬ್ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ತರಿಸಿ ಎಂದು ಮ್ಯಾನೇಜರ ಬೆನ್ನು ಬಿದ್ದವನೂ ನಾನೇ. "ಬೆರಳು ಸುಳ್ಳು ಹೇಳಲ್ಲ ಸಾರ್" ಎಂದಿದ್ದೆ. ಅದೇ ಹುಮ್ಮಸ್ಸಿನಲ್ಲಿ ರಾಮನಗರದ ನಮ್ಮ ಮನೆಗೂ ಕಂಪ್ಯೂಟರು, ಬ್ರಾಡ್‌ಬ್ಯಾಂಡು ಬಂದವು. ಕರೆಂಟು ಬಿಲ್ಲು ಕಟ್ಟಬಹುದು, ಪಂಚಾಂಗ ನೋಡಬಹುದು ಎಂದು ಹೆಂಡತಿ ನಾಗರತ್ನಳನ್ನು ಒಪ್ಪಿಸಿದ್ದೆ. ಅದರೊಳಗೆ ಕುದುರೆಗಳೂ ಓಡುತ್ತವೆಂದು ಪತ್ತೆ ಹಚ್ಚಿದವನು ಅವಳ ತಮ್ಮ, ನಮ್ಮ ಕಾರ್ಖಾನೆಯಲ್ಲೇ ಕೆಲಸಕ್ಕಿರುವ ಚಿಕ್ಕರಾಜು.

ಊರಿನಲ್ಲಿ ಕುದುರೆ ರೇಸಿನ ಬಾಜಿ ಟಿಕೆಟ್ ಮಾರುವ ಅಂಗಡಿಯೊಂದಿತ್ತು. ಬೆಂಗಳೂರಿನಲ್ಲಿ ಓಡುವ ಕುದುರೆ ಅಲ್ಲಿನ ಟೀವಿಯಲ್ಲಿ ಕಾಣುತ್ತಿತ್ತು. ಆ ಚಿತ್ರಕ್ಕೆ ಸಿಗ್ನಲ್ ಎನ್ನುತ್ತಾರಂತೆ, ಅದಕ್ಕೆ ಅಂಗಡಿಯವನು ರೇಸಿನವರಿಗೆ ದುಡ್ಡು ಕೊಡಬೇಕಂತೆ. ಆ ಸಲ ಅವರೆಕಾಯಿ ಕಾಲದಲ್ಲಿ ರೇಸಿನವರು ರೇಟು ಏರಿಸಿದರು, ಅಂಗಡಿಯವನು ಕೊಡುವುದಿಲ್ಲವೆಂದ, ಚಿತ್ರ ನಿಂತುಹೋಯಿತು. ಟಿಕೆಟ್ ಉಂಟು, ಕುದುರೆ ಇಲ್ಲ. "ಟಿಕೆಟ್ಟೂ ನಿಮ್ ಕಂಪ್ಯೂಟ್ರಲ್ಲೇ ಸಿಗ್ತದೆ ಭಾವ, ಓಟನೂ ಕಾಣ್ತದೆ. ಆ ಅಂಗ್ಡಿಯವನ ಹಂಗ್ಯಾಕೆ?" ಎಂದು ಚಿಕ್ಕರಾಜು ಶನಿವಾರ ಮಧ್ಯಾಹ್ನ ಕಾರ್ಖಾನೆಯ ಆರೇಳು ಮಂದಿಯನ್ನು ಕಟ್ಟಿಕೊಂಡು ಬಂದೇಬಿಟ್ಟ. ನಾನು ಬಾಜಿ ಕಟ್ಟುವವನಲ್ಲ. ಆದರೆ ಸುಮ್ಮನೆ ನೋಡುವುದರಲ್ಲಿ ತಪ್ಪೇನು ಎನ್ನುವ ಪಂಗಡದವನು.

ಮನೆಯಲ್ಲಿ ಅದೇ ಹೊತ್ತಿಗೆ ಬೇರೆಯೇ ಯುದ್ಧಕ್ಕೆ ತಯಾರಿ ನಡೆದಿತ್ತು. ಮಗಳ ಅತ್ತೆ ಮಾವ, ಅಂದರೆ ನಮ್ಮ ಬೀಗರು, ಭಾನುವಾರ ಸಂಜೆ ಕನಕಪುರದಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. ಬೀಗಿತ್ತಿ ಮದುವೆಮನೆಯಲ್ಲೇ, "ನಿಮ್ ಕಡೆಯೋರ್ಗೆ ಹಿತುಕಿದ ಬೇಳೆ ಸಾರು ಮಾಡಕ್ ಬರಕ್ಕಿಲ್ಲ ಬುಡಿ" ಎಂದು ನಕ್ಕಿದ್ದರು. ಆ ನಗು ನಾಗರತ್ನಳ ಎದೆಯಲ್ಲಿ ನಾಟಿತ್ತು. ಮಾಗಡಿಯಿಂದ ಸೊಗಡಿನ ಅವರೆ ತರಿಸಿ, ಸುಲಿದು, ಶನಿವಾರಕ್ಕೊಂದು ಭಾನುವಾರಕ್ಕೊಂದು ದೊಡ್ಡ ಪಾತ್ರೆ ಎಂದು ಕಾಳು ನೆನೆಹಾಕುವ ಯೋಜನೆ ಅವಳದು. ನೆನೆದ ಒಂದೊಂದೇ ಕಾಳನ್ನೂ ಹೆಬ್ಬೆರಳಿನಿಂದ ಹಿತುಕಿ ಸಿಪ್ಪೆಯಿಂದ ಜಾರಿಸಬೇಕು. ಅವಳು ಪಾತ್ರೆಯನ್ನು ನೋಡಿದಳು, ಖಾಲಿ ಕೈಯಲ್ಲಿ ಕೂತ ಗಂಡಸರನ್ನು ನೋಡಿದಳು. "ಪುಕ್ಸಟ್ಟೆ ನೋಡಂಗಿಲ್ಲ ಕಣ್ರಪ್ಪಾ. ಒಂದು ರೇಸಿಗೆ ಒಂದು ಬೋಗುಣಿ" ಎಂದು ತೀರ್ಪು ಕೊಟ್ಟಳು.

ಮೊದಲ ರೇಸು ಸುಸೂತ್ರವಾಗಿ ಮುಗಿಯಿತು. ಎರಡನೆಯದರಲ್ಲಿ ಬ್ರಾಡ್‌ಬ್ಯಾಂಡು ಕೈಕೊಟ್ಟು ಕುದುರೆಗಳೆಲ್ಲ ಕಾಲೆತ್ತಿಕೊಂಡು ಗಾಳಿಯಲ್ಲೇ ನಿಂತವು. ಬೋಗುಣಿಗಳ ಮೇಲಿನ ಕೈಗಳೂ ನಿಂತವು.

"ಕುದ್ರೆನೇ ನಿಂತೋಗೈತಲ್ಲಕ್ಕ, ಈಗ್ಲೂ ಹಿತುಕ್ಬೇಕಾ?" ಎಂದ ವೆಲ್ಡರ್ ಶಿವಲಿಂಗು.

"ನಿಂತಿರೋ ಕುದ್ರೆನ ಇನ್ನೂ ಒಸಿ ಚೆನ್ನಾಗೇ ನೋಡ್ಬೋದಲ್ಲ, ಹಿತುಕಪ್ಪ."

ಕುದುರೆ ಮತ್ತೆ ಓಡತೊಡಗಿದಾಗ ಚಿಕ್ಕರಾಜುವಂತೂ ಬೋಗುಣಿಯನ್ನೇ ಮುಟ್ಟದೆ ಕಿಟಕಿಯ ಹತ್ತಿರ ನಿಂತು, ಟೀ ಅಂಗಡಿಯಲ್ಲಿದ್ದ ಗೆಳೆಯರಿಗೆ ಮೊಬೈಲಿನಲ್ಲಿ "ಮೂರನೇ ನಂಬರ್ ಮುಂದೈತೆ ಕಣ್ಲಾ!" ಎಂದು ಕೂಗುತ್ತಿದ್ದ. "ನಮ್ಮನೆ ಕುದ್ರೆನ ಊರ್ಗೆಲ್ಲಾ ಹಂಚ್ತಿದ್ದೀಯೇನ್ಲಾ? ಅವ್ರ ಬೋಗುಣಿನೂ ನೀನೇ ಹಿತುಕು" ಎಂದು ಅಕ್ಕ ಎರಡು ಬೋಗುಣಿ ಮುಂದಿಟ್ಟಳು. ಟೈಂ ಆಫೀಸಿನವನಲ್ಲವೇ, ಕುದುರೆ ನಿಂತಷ್ಟು ಹೊತ್ತನ್ನು ಲೆಕ್ಕದಿಂದ ಕಳೆಯೋಣ ಎಂದು ನಾನು ಪಂಚಾಯ್ತಿಗೆ ಹೋದೆ. ಎರಡೂ ಕಡೆಯವರು ಸೇರಿ ನನ್ನ ಬಾಯಿ ಮುಚ್ಚಿಸಿದರು.

ಭಾನುವಾರ ಬೆಳಿಗ್ಗೆ ಚಿಕ್ಕರಾಜು ರಾಯಭಾರ ತಂದ. ಎರಡು ರೇಸಿಗೆ ಒಂದು ಬೋಗುಣಿಯಾದರೆ ಬರುತ್ತಾರೆ, ಇಲ್ಲದಿದ್ದರೆ ಮುಷ್ಕರ. "ಬರ್ದೆ ಇದ್ರೆ ಬುಡು" ಎಂದಳು ನಾಗರತ್ನ. ಸಂಜೆ ಬೀಗರ ಮುಂದೆ ತಲೆ ತಗ್ಗಿಸಬೇಕಾದೀತು, ರೇಟು ಒಸಿ ಇಳಿಸು ಎಂದೆ. "ಒಂದ್ಸಲ ಇಳಿಸಿದ್ರೆ ಆಮೇಲೆ ಯಾರ್ ಬೆಲೆ ಕೊಡ್ತಾರೆ ನಂಗೆ?" ಎಂದಳು. ಅಷ್ಟರಲ್ಲಿ, ಗಿರಾಕಿಗಳೆಲ್ಲ ಕಂಪ್ಯೂಟರಿನ ಪಾಲಾದರೆಂದು ಹೆದರಿದ ಅಂಗಡಿಯವನು ರೇಸಿನವರು ಕೇಳಿದಷ್ಟು ಕೊಡಲು ಒಪ್ಪಿ, ಅಲ್ಲಿ ಮತ್ತೆ ಚಿತ್ರ ಬಂತೆಂದು ಸುದ್ದಿ ಹಬ್ಬಿತು. ಮುಷ್ಕರದವರೆಲ್ಲ ಅತ್ತ ಓಡಿದರು. ನಾನೂ ಮೆಲ್ಲಗೆ ಚಪ್ಪಲಿ ಮೆಟ್ಟಿದೆ.

"ಎಲ್ಲಿಗ್ರೀ? ನೆನ್ನೆ ನೀವೂ ಎಲ್ಲಾ ರೇಸೂ ನೋಡಿದ್ರಲ್ಲ, ನಿಮ್ ಬೋಗುಣಿ ಎಲ್ಲಿ?"

ನಿಜ. ಮನೆ ಯಜಮಾನನಿಗೂ ಸಿಗ್ನಲ್ಲಿಗೆ ಬೆಲೆಯುಂಟೆಂದು ನನಗೆ ಹೊಳೆದೇ ಇರಲಿಲ್ಲ. ಚಪ್ಪಲಿ ಬಿಟ್ಟು ಬಂದು ಇಡೀ ಪಾತ್ರೆಯ ಮುಂದೆ ಕೂತೆ. ಬೀಗರ ಕಾರು ಬೀದಿಗೆ ತಿರುಗಿದಾಗ ಕೊನೆಯ ಕಾಳು ಜಾರಿತು. ಬೀಗಿತ್ತಿ ಮುದ್ದೆಗೆ ಎರಡು ಸಲ ಸಾರು ಹಾಕಿಸಿಕೊಂಡು, "ಒಂದ್ ಬೇಳೆನೂ ಮುರ್ದಿಲ್ಲ! ಯಾರು ಹಿತುಕಿದ್ದು?" ಎಂದರು. "ನಾನೇ" ಎಂದಳು ನಾಗರತ್ನ, ರೆಪ್ಪೆ ಬಡಿಯದೆ. ಅವಳ ಮುಖ ಅರಳಿದ್ದು ಕಂಡು ನನಗೂ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ.

ಸೋಮವಾರ ಕಾರ್ಖಾನೆಯ ಬಾಗಿಲಲ್ಲಿ ನನ್ನ ಪ್ರೀತಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದೆ. ಕೆಂಪು ದೀಪ. ಒರೆಸಿ ಒತ್ತಿದೆ. ಮತ್ತೆ ಕೆಂಪು. ನೀರಿನಲ್ಲಿ ನೆನೆದು, ಸಿಪ್ಪೆಗೆ ಉಜ್ಜಿ, ಬೆರಳಿನ ಗೆರೆಗಳೇ ಮಾಯವಾಗಿದ್ದವು. ಶಿವಲಿಂಗು ಪಕ್ಕದಿಂದ ಕೈ ಚಾಚಿ ಒತ್ತಿ ಹಸಿರು ದೀಪದಲ್ಲಿ ಒಳಗೆ ಹೋದ. ಹಿಂದಿನಿಂದ ಚಿಕ್ಕರಾಜು, "ಯಾಕ್ ಭಾವ, ಸಿಗ್ನಲ್ ಸಿಗ್ತಿಲ್ವಾ?" ಎಂದ.

"ಬೆರಳು ಒಪ್ಪದಿದ್ರೆ ಕಾರಣ ಹೇಳ್ಬೇಕು ಅಂತ ರೂಲ್ಸು ಮಾಡಿರೋರು ನೀವೇ ಅಲ್ವಾ ಸಾರ್" ಎಂದು ಸೆಕ್ಯೂರಿಟಿಯವನು ಪೆನ್ನು ತೆಗೆದ. ಗಂಟಲು ಸರಿಮಾಡಿಕೊಂಡು, ರೇಸು, ಸಿಗ್ನಲ್ಲು, ಬೀಗಿತ್ತಿ, ಅವರೆಕಾಳು ಎಂದು ಎಲ್ಲವನ್ನೂ ಇದ್ದದ್ದು ಇದ್ದಂತೆ ವಿವರಿಸಿದೆ. ಅವನು ಪೆನ್ನು ಕೆಳಗಿಟ್ಟು, ತಲೆಯನ್ನು ಒಂದು ಕಡೆ ವಾಲಿಸಿ, ಇಷ್ಟು ವರ್ಷ ತಡವಾಗಿ ಬಂದವರನ್ನು ನಾನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದ.